ಅಪ್‌ಡೇಟ್: ಟೋಕಿಯೊದ ಆ ಖಾಲಿ ದಿನ ಹೀಗೆ ಕಳೆಯಿತು

ಮಳೆಯಿಂದಾಗಿ ಹಕೋನೆ ಪ್ರವಾಸ ರದ್ದಾದಾಗ, ಟೋಕಿಯೊದಲ್ಲಿ ಉಳಿದ ಒಂದು ದಿನವನ್ನು ಹೇಗೆ ಕಳೆಯಲಿ ಎಂದು ಕೇಳಿದ್ದೆ. ಹಗಲು ದೇವಾಲಯ, ರಾತ್ರಿ ಶಿಂಜುಕು ಎಂದವರ ಮಾತನ್ನೇ ಹಿಡಿದು ಹೊರಟೆ. ಅಸಾಕುಸಾದ ಸೆನ್ಸೋಜಿ ದೇವಾಲಯದಲ್ಲಿ 100 ಯೆನ್ ಹಾಕಿ, ಲೋಹದ ಡಬ್ಬಿಯನ್ನು ಕುಲುಕಿ, ಹೊರಬಂದ ಕಡ್ಡಿಯ ಸಂಖ್ಯೆಗೆ ಹೊಂದುವ ಡ್ರಾಯರಿನಿಂದ ಭವಿಷ್ಯದ ಚೀಟಿ ತೆಗೆದೆ. ಬಂದದ್ದು ‘ಕ್ಯೋ’, ಅಂದರೆ ಅಶುಭ. ಅಂಥ ಚೀಟಿಯನ್ನು ಮಡಿಸಿ ಅಲ್ಲಿರುವ ತಂತಿಗೆ ಕಟ್ಟಿದರೆ ಕೇಡು ಅಲ್ಲಿಯೇ ಉಳಿಯುತ್ತದೆಂಬ ನಂಬಿಕೆಯಿದೆ. ನಾನು ಎರಡು ಗಂಟು ಹಾಕಿದೆ.

ಅನಂತರ ಗಿಂಜಾ ಲೈನ್ ಮೆಟ್ರೊ ಹಿಡಿದು ಉಏನೋಗೆ ಹೋಗಿ, ಶಿನೊಬಾಜು ಕೊಳದ ನಡುವಿನ ಬೆಂಟೆನ್‌ದೋ ಎಂಬ ಗುಡಿ ನೋಡಿದೆ. ಅಲ್ಲಿ ಪೂಜೆಗೊಳ್ಳುವ ಬೆಂಜೈಟೆನ್, ಬೌದ್ಧ ಧರ್ಮದೊಡನೆ ಚೀನಾದ ಮೂಲಕ ಜಪಾನಿಗೆ ಹೋದ ನಮ್ಮ ಸರಸ್ವತಿಯೇ. ಅಲ್ಲಿ ಆಕೆಯ ವಾದ್ಯ ಮಾತ್ರ ವೀಣೆಯಲ್ಲ, ಬೀವಾ ಎಂಬ ಜಪಾನಿ ತಂತಿವಾದ್ಯ.

ರಾತ್ರಿ ಶಿಂಜುಕುವಿನ ಗೋಲ್ಡನ್ ಗೈ: ಆರು ಇಕ್ಕಟ್ಟಾದ ಓಣಿಗಳಲ್ಲಿ 200ಕ್ಕೂ ಹೆಚ್ಚು ಪುಟ್ಟ ಬಾರುಗಳು. ನಾನು ಹೊಕ್ಕಿದ್ದರಲ್ಲಿ ಏಳೇ ಆಸನಗಳಿದ್ದು, ಒಬ್ಬರು ಎದ್ದುಹೋಗಬೇಕಾದರೆ ಉಳಿದವರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು. ಕೆಲವೆಡೆ ಕೂರುವುದಕ್ಕೇ ಪ್ರತ್ಯೇಕ ಶುಲ್ಕವಿರುತ್ತದೆ, ಬಾಗಿಲಿನ ಫಲಕ ಓದಿ ಒಳಹೋಗಿ ಎಂದಿದ್ದವರಿಗೆ ಋಣಿ. ಆದರೆ ನಡುರಾತ್ರಿಯ ಹೊತ್ತಿಗೆ ರೈಲುಗಳು ನಿಲ್ಲುತ್ತವೆಂಬ ಎಚ್ಚರಿಕೆಯನ್ನು ಮರೆತು, ಬೆಳಗಿನ ಮೊದಲ ರೈಲಿನವರೆಗೆ ರಾಮೆನ್ ಅಂಗಡಿಯಲ್ಲಿ ಕುಳಿತಿದ್ದೆ. ಗಂಟು ಸಡಿಲವಾಗಿತ್ತೋ ಏನೋ.