ಪದಚರ್ಚೆ: ‘ಹೋನಿಂಗ್’ಗೆ ಏನನ್ನೋಣ? ನಾಳೆ ಬೆಳಗ್ಗೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ,

ಮಾವನ ತೋಟದಲ್ಲಿ ಒಂದು ಹಳೇ ಬೀಟಲ್ ಕಾರಿದೆ. ನೀರಿಲ್ಲದೆ ಗಾಳಿಯಲ್ಲೇ ತಣಿಯುವ 1600 ಎಂಜಿನ್. ನಾಲ್ಕೂ ಸಿಲಿಂಡರ್ ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೇನೆ. ನಾಳೆ ಹಾಸನಕ್ಕೆ ಹೋಗುವ ಜೀಪಿನಲ್ಲಿ ಲೇತ್ ಅಂಗಡಿಗೆ ಕಳಿಸಬೇಕು, ಜೊತೆಗೆ ಒಂದು ಚೀಟಿ. ತೊಂದರೆ ಚೀಟಿಯದ್ದೇ.

ಹೋದ ಸಲ ಬೇರೆ ಕಡೆ ಕೊಟ್ಟಾಗ ‘ಬೋರ್ ಮಾಡಿ, ಆಮೇಲೆ ಒಳಗೆ ನುಣುಪು ಮಾಡಿ’ ಎಂದು ಬರೆದಿದ್ದೆ. ಅವರು ಬರೆದ ಹಾಗೇ ಮಾಡಿದರು. ಒಳಗೆ ಮುಖ ನೋಡಿಕೊಳ್ಳಬಹುದಿತ್ತು, ಅಷ್ಟು ನುಣುಪು. ಪಿಸ್ಟನ್ ಸುತ್ತಲಿನ ರಿಂಗ್ ಗೋಡೆಗೆ ಹೊಂದಿ ಕೂರಲೇ ಇಲ್ಲ. ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಆಯಿಲ್ ಉರಿದು ಹಿಂದೆಲ್ಲ ನೀಲಿ ಹೊಗೆ.

ಬೋರಿಂಗ್ ಅಂದರೆ ಒಳಗೆ ಕೊರೆದು ಅಳತೆಗೆ ತರುವುದು. ಹೋನಿಂಗ್ ಬೇರೆ. ಉಜ್ಜುವ ಕಲ್ಲು ಸಿಲಿಂಡರಿನೊಳಗೆ ತಿರುಗುತ್ತಲೇ ಮೇಲೆ ಕೆಳಗೆ ಆಡುತ್ತೆ, ಗೀರುಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಸುಮಾರು 45ರಿಂದ 60 ಡಿಗ್ರಿ ಕೋನದಲ್ಲಿ. ಆ ಗೀರಿನಲ್ಲಿ ಆಯಿಲ್ ನಿಲ್ಲಬೇಕು. ಇದಕ್ಕೆ ಒಂದು ಪದ ಕೊಡಿ.

(ಮೂಡಿಗೆರೆಯಿಂದ)

* * *

‘ಸಾಣೆ ಹಿಡಿಯುವುದು’ ಇದೆಯಲ್ಲ. ಚರ್ಚೆ ಯಾಕೆ?

(ಮೈಸೂರಿನಿಂದ)

* * *

> ‘ಸಾಣೆ ಹಿಡಿಯುವುದು’ ಇದೆಯಲ್ಲ.

ಸಾಣೆ ಸಂಸ್ಕೃತದ ಶಾಣ. ಅಚ್ಚಗನ್ನಡದ ‘ಮಸೆ’ ಇರುವಾಗ ಅದೇಕೆ? ಬೋರಿಂಗ್‌ಗೆ ‘ಕಡೆ’. ಮಜ್ಜಿಗೆ ಕಡೆಯುವುದೂ ಅದೇ ಧಾತು, ಕಂಬ ಕಡೆಯುವುದೂ ಅದೇ. ತಮಿಳಿನಲ್ಲೂ ಎರಡೂ ಅರ್ಥ ಇವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವನ ಗುಡಿಯಲ್ಲಿ ಕಡೆದ ಕಂಬಗಳ ಬಳೆಬಳೆಯ ಹೊಳಪು ನೋಡಿ. ಅದನ್ನು ಮಾಡಿದವರ ಮಕ್ಕಳು ಇವತ್ತು ‘ಬೋರ್’ ಅನ್ನಬೇಕೇ? ಸಿಲಿಂಡರ್‌ಗೆ ‘ಉರುಳೆ’ ಬಳಸಿ.

(ಬೆಂಗಳೂರಿನಿಂದ)

* * *

ಮೇಷ್ಟ್ರೇ, ಬೇಲೂರಿನ ಕಂಬ ಕಡೆದದ್ದು ಹೊರಗಿನಿಂದ. ಕಡೆಯುವಾಗ ತುಂಡು ತಿರುಗುತ್ತೆ, ಉಳಿ ನಿಂತಿರುತ್ತೆ. ಬೋರಿಂಗ್ ಮಷಿನ್‌ನಲ್ಲಿ ಸಿಲಿಂಡರ್ ಅಲ್ಲಾಡೋದಿಲ್ಲ, ಟೂಲ್ ತಿರುಗುತ್ತೆ. ‘ಉರುಳೆ’ ಅಂದರೆ ನಮ್ಮ ಹುಡುಗರು ರೋಲರ್ ಹುಡುಕ್ತಾರೆ. ‘ಮಸೆ’ ಅಂದರೆ ಕತ್ತಿ.

‘ಕೊರೆ’ಯ ಗತಿಯೂ ನನಗೆ ಗೊತ್ತು. ಬಿ.ಎಂ. ರಸ್ತೆಯ ನಮ್ಮ ಅಂಗಡಿಗೆ ಪೇಂಟರ್ ‘ಇಲ್ಲಿ ಬೋರ್ ಕೊರೆಯಲಾಗುವುದು’ ಎಂದು ಬೋರ್ಡ್ ಬರೆದ. ಮೂರನೇ ದಿನ ಅರಸೀಕೆರೆ ಕಡೆಯ ರೈತರೊಬ್ಬರು ಬಂದು ಅಡಿಗೆಷ್ಟು ಅಂತ ಕೇಳಿದರು. ಸುಮ್ನೆ ಬೋರಿಂಗ್, ಹೋನಿಂಗ್ ಅಂತಲೇ ಬರೀರಿ.

ಮೂಡಿಗೆರೆಯವರಿಗೆ: ಪದಕ್ಕಿಂತ ಇದು ಮುಖ್ಯ. ಪಿಸ್ಟನ್ನೂ ಕಳಿಸಿ. ಅದನ್ನು ಅಳೆದೇ ಬೋರ್ ಮಾಡಬೇಕು, ಪಿಸ್ಟನ್‌ಗೂ ಗೋಡೆಗೂ ನಡುವೆ 0.04ರಿಂದ 0.06 ಮಿ.ಮೀ. ಸಾಕು. ಬೋರಿಂಗ್ ಸ್ವಲ್ಪ ಮುಂಚೆ ನಿಲ್ಲಿಸಿ, ಉಳಿದದ್ದನ್ನು ಹೋನಿಂಗ್‌ನಲ್ಲಿ ತೆಗೀಬೇಕು. ಈ ಎಂಜಿನ್ನಿನಲ್ಲಿ ಉದ್ದನೆ ಬೋಲ್ಟುಗಳು ಮುಚ್ಚಳದಂಥ ಹೆಡ್ ಬಿಗಿದು ಸಿಲಿಂಡರನ್ನು ಅದುಮಿ ಹಿಡಿಯುತ್ತವೆ. ಗೋಡೆ ತೆಳು. ಹೆಡ್ ಬದಲು ಅದೇ ಬಿಗಿಯಲ್ಲಿ ದಪ್ಪ ಪ್ಲೇಟ್ ಕಟ್ಟಿ ಹೋನ್ ಮಾಡದಿದ್ದರೆ, ಮೇಜಿನ ಮೇಲೆ ಗುಂಡಗಿದ್ದದ್ದು ಎಂಜಿನ್ನಿನಲ್ಲಿ ಗುಂಡಗಿರೋದಿಲ್ಲ.

(ಹಾಸನದಿಂದ)

* * *

ಹೀಗೆ ಸೋಲೊಪ್ಪಿಯೇ ಕನ್ನಡ ಬಡವಾಗಿದ್ದು. ಅಂಗಡಿಯವರ ಅನುಕೂಲಕ್ಕೆ ಭಾಷೆ ಇಲ್ಲ.

(ಬೆಂಗಳೂರಿನಿಂದ)

* * *

ನೀವು ಈ ಮಾತು ಬರೆಯುವಾಗ ಕೂತಿರುವ ಕುರ್ಚಿ ಅರಬ್ಬಿಯದ್ದು, ಕಿಸೆಯಲ್ಲಿರುವ ಚಾವಿ ಪೋರ್ಚುಗೀಸರದ್ದು. ಎದ್ದು ನಿಂತು ಬರೀರಿ.

(ಹಾಸನದಿಂದ)

* * *

ಜಗಳ ಬೇಡ. ‘ಸೂಕ್ಷ್ಮಗೀರು’ ಹೇಗೆ?

(ಮೈಸೂರಿನಿಂದ)

* * *

ಅರಿಸಮಾಸ. ಸಂಸ್ಕೃತಕ್ಕೆ ಕನ್ನಡ ಅಂಟಿಸಬಾರದು.

(ಬೆಂಗಳೂರಿನಿಂದ)

* * *

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟಕ್ಕೆ ಕೂತಾಗ ಅತ್ತೆಯವರಿಗೆ ಇದೆಲ್ಲ ವಿವರಿಸುತ್ತಿದ್ದೆ. ‘ಅಯ್ಯೋ, ಒಳಕಲ್ಲು ಕುಟ್ಟಿಸೋ ಹಾಗೆ ಅಲ್ವಾ?’ ಅಂದರು. ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ರುಬ್ಬೋದಿಲ್ಲ, ಜಾರುತ್ತೆ. ಆಗ ಉಳಿ ಹಿಡಿದವರು ಬಂದು ಒಳಗೆಲ್ಲ ಕುಟ್ಟಿ ಒರಟು ಮಾಡಿ ಹೋಗುತ್ತಿದ್ದರಂತೆ. ಇಷ್ಟು ಹೊತ್ತು ನಾವು ಹೊಳಪಿನ ಮನೆಯಲ್ಲಿ ಪದ ಹುಡುಕಿದೆವು, ಅದು ಇದ್ದದ್ದು ಒರಟಿನ ಮನೆಯಲ್ಲಿ. ಆದರೆ ‘ಸಿಲಿಂಡರ್ ಕುಟ್ಟಿ’ ಎಂದು ಬರೆಯುವ ಧೈರ್ಯ ನನಗಿಲ್ಲ. ನಿಜವಾಗಿಯೂ ಕುಟ್ಟಿಬಿಟ್ಟರೆ?

ಚೀಟಿಯಲ್ಲಿ ಬರೆದದ್ದು ಇದು:

‘ಪಿಸ್ಟನ್ ಅಳೆದು ಬೋರ್ ಮಾಡಿ. ಪ್ಲೇಟ್ ಕಟ್ಟಿ ಹೋನಿಂಗ್ ಮಾಡಿ. ನುಣುಪು ಬೇಡ, ಅಡ್ಡಗೀರು ಕಾಣಬೇಕು. ಬರೀ ಪೆಟ್ರೋಲಿನಲ್ಲಿ ಒರೆಸಬೇಡಿ, ಕಲ್ಲಿನ ಪುಡಿ ಗೀರಿನಲ್ಲೇ ಉಳಿಯುತ್ತೆ. ಬಿಸಿನೀರು, ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಒರೆಸಿದ ಬಿಳಿ ಬಟ್ಟೆ ಬಿಳಿಯಾಗೇ ಇರುವ ತನಕ. ಒಣಗಿದ ಕೂಡಲೇ ಆಯಿಲ್ ಸವರಿ.’

ಜೀಪು ಬೇಲೂರಿನ ಮೇಲೇ ಹೋಗುತ್ತೆ. ಕಂಬಗಳಿಗೆ ಬೆಂಗಳೂರಿನವರ ನಮಸ್ಕಾರ ಹೇಳಿಸುತ್ತೇನೆ.

(ಮೂಡಿಗೆರೆಯಿಂದ)

* * *

‘ಅಡ್ಡಗೀರು’ ಪರವಾಗಿಲ್ಲ. ಬಿಡಿಸಿ ಬರೆಯಬೇಡಿ.

(ಬೆಂಗಳೂರಿನಿಂದ)