ಫ್ರಕ್ಟೋಸ್‌ಗೆ ‘ಹಣ್ಣುಸಕ್ಕರೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದ ಹೈಸ್ಕೂಲ್ ಮಕ್ಕಳಿಗಾಗಿ ಜೇನಿನ ಕುರಿತ ಕಿರುಹೊತ್ತಿಗೆಯೊಂದನ್ನು ತಿದ್ದುತ್ತಿದ್ದೇನೆ. ಬರೆದವರು ಫ್ರಕ್ಟೋಸ್‌ಗೆ ಎಲ್ಲ ಕಡೆ ‘ಹಣ್ಣುಸಕ್ಕರೆ’ ಎಂದಿದ್ದಾರೆ. ಲ್ಯಾಟಿನ್‌ನ ‘ಫ್ರುಕ್ಟುಸ್’ ಅಂದರೆ ಹಣ್ಣು, ಆದ್ದರಿಂದ ಮೂಲಕ್ಕೇನೂ ಮೋಸವಾಗಿಲ್ಲ. ಆದರೆ ‘ಜೇನುತುಪ್ಪದಲ್ಲಿ ಹಣ್ಣುಸಕ್ಕರೆಯೇ ಹೆಚ್ಚು’ ಎಂಬ ಸಾಲು ಓದಿದ ಹಿರಿಯರೊಬ್ಬರು, ‘ಅಂದ್ರ ಹಣ್ಣಿನ ರಸಾ ಬೆರಸಿರ್ತಾರೇನ್ರಿ?’ ಅಂದರು.

ಇಲ್ಲಿ ಆ ಗುಮಾನಿ ಮೊದಲೇ ಇದೆ. ಚಳಿಗೆ ಬಾಟಲಿಯ ತಳದಲ್ಲಿ ಜೇನು ಹರಳುಗಟ್ಟಿದರೆ ‘ಸಕ್ಕರಿ ಪಾಕಾ ಹಾಕ್ಯಾರ’ ಎಂದು ತೀರ್ಮಾನ ಆಗಿಬಿಡುತ್ತದೆ. ಹರಳಾಗುವುದು ಜೇನಿನದೇ ಗ್ಲೂಕೋಸ್. ಫ್ರಕ್ಟೋಸ್ ನೀರಿನಲ್ಲಿ ಇನ್ನೂ ಚೆನ್ನಾಗಿ ಕರಗುವುದರಿಂದ ತೆಳ್ಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಜೇನಿನಲ್ಲಿ ಫ್ರಕ್ಟೋಸ್ ಶೇ 38, ಗ್ಲೂಕೋಸ್ ಶೇ 31ರ ಆಸುಪಾಸು. ಮಕರಂದದ ಸುಕ್ರೋಸನ್ನು ಜೇನ್ನೊಣದ ಕಿಣ್ವ ಒಡೆದಾಗ ಸಿಗುವುದು ಇವೆರಡೇ. ಹಣ್ಣಿನ ಸುದ್ದಿಯೇ ಇಲ್ಲ! ಹಣ್ಣಿನಲ್ಲಾದರೂ ಈ ಹೆಸರು ಪೂರ್ತಿ ಒಪ್ಪುವುದಿಲ್ಲ: ಕಳಿತ ಮಾವಿನಲ್ಲಿ ಹೆಚ್ಚಿರುವುದು ಸುಕ್ರೋಸ್, ಅಂದರೆ ಚಹಾಕ್ಕೆ ಹಾಕುವ ಸಕ್ಕರೆ.

ಸಮಾಸದ ತಕರಾರೂ ಇದೆ. ‘ಕಲ್ಲುಸಕ್ಕರೆ’ಯಲ್ಲಿ ಕಲ್ಲು ರೂಪ ಹೇಳುತ್ತದೆ, ಯಾರಿಗೂ ಗೊಂದಲವಿಲ್ಲ. ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್‌ಗೆ ‘ಹಾಲುಸಕ್ಕರೆ’ ಅಂದರೆ ಮಾತ್ರ ನಮ್ಮ ಕಿವಿಗೆ ಮೊದಲು ಕೇಳುವುದು ನೈವೇದ್ಯದ ಹಾಲು ಮತ್ತು ಸಕ್ಕರೆ. ‘ಹಣ್ಣುಸಕ್ಕರೆ’ಯೂ ಹಾಗೇ ಎರಡು ಪದಾರ್ಥವಾಗಿ ಒಡೆದುಕೊಳ್ಳುತ್ತದೆ. ‘ಫಲಶರ್ಕರ’ ಅನ್ನೋಣವೆಂದರೆ, ಸಂಸ್ಕೃತದ ಶರ್ಕರೆಗೆ ನೊರಜುಗಲ್ಲು ಎಂಬ ಅರ್ಥವೂ ಉಂಟು. ಜೇನಿನಲ್ಲಿ ಹರಳಾಗಲು ಒಲ್ಲದ ಸಕ್ಕರೆಗೇ ಆ ಹೆಸರು ಕಟ್ಟುವುದು ತುಸು ತಮಾಷೆ.

ಫ್ರಕ್ಟೋಸ್‌ಗೆ ‘ಲೆವ್ಯುಲೋಸ್’ ಎಂಬ ಹಳೆಯ ಹೆಸರಿದೆ; ಅದರ ಲ್ಯಾಟಿನ್ ಮೂಲಕ್ಕೆ ‘ಎಡ’ ಎಂಬ ಅರ್ಥ. ಧ್ರುವೀಕೃತ ಬೆಳಕು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು, ಹಾಯ್ದಾಗ ಆ ಸಮತಲವನ್ನು ಫ್ರಕ್ಟೋಸಿನ ದ್ರಾವಣ ಎಡಕ್ಕೆ ತಿರುಗಿಸುತ್ತದೆ, ಗ್ಲೂಕೋಸ್ ಬಲಕ್ಕೆ; ಗ್ಲೂಕೋಸ್‌ಗೆ ‘ಬಲ’ ಎಂಬರ್ಥದ ಮೂಲದಿಂದ ‘ಡೆಕ್ಸ್ಟ್ರೋಸ್’ ಅನ್ನುವುದು ಅದಕ್ಕೇ. ಶಂಖಕ್ಕೂ ಗಣಪತಿಯ ಸೊಂಡಿಲಿಗೂ ನಾವು ಎಡಮುರಿ, ಬಲಮುರಿ ಅನ್ನುತ್ತೇವಲ್ಲ, ಇವಕ್ಕೆ ‘ಎಡಮುರಿ ಸಕ್ಕರೆ’, ‘ಬಲಮುರಿ ಸಕ್ಕರೆ’ ಅನ್ನಬಹುದೇ? ಮಕ್ಕಳ ಪುಸ್ತಕಕ್ಕೆ ಸದ್ಯ ‘ಫ್ರಕ್ಟೋಸ್’ ಎಂದೇ ಉಳಿಸುವ ಮನಸ್ಸಿದೆ. ಎಡಮುರಿಯ ಅರ್ಥವನ್ನು ಮೊದಲ ಸಲ ಬಂದಲ್ಲಿ ಒಂದು ಸಾಲಿನಲ್ಲಿ ಹೇಳಬಹುದು.

ಹಳೆಯ ಕನ್ನಡ ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಎಡಮುರಿ ಎಂಬ ಪದವನ್ನು ಈ ಅರ್ಥದಲ್ಲಿ ಯಾರಾದರೂ ಕಂಡಿದ್ದೀರಾ? ಕಂಡಿದ್ದರೆ ಪೂರ್ತಿ ವಾಕ್ಯವನ್ನೇ ಕಳಿಸಿ, ಬಳಕೆ ನೋಡಬೇಕು.