ಅಪ್‌ಡೇಟ್: ಶುಂಠಿ ಒಣಗ್ಸೋಕ ಬಿಸಿಲಾ, ನೆರಳಾ, ಓವನ್ನಾ?
ಹಸಿಶುಂಠಿ ಹೆಂಗ ಒಣಗಿಸ್ಲಿ ಅಂತ ಕೇಳಿದ್ದೆನಲ್ರಿ, ಮೂರೂ ಮಾಡಿ ನೋಡೀನಿ. ನಮ್ಮ ರಾಯಚೂರು ಬಿಸಿಲಿಗೆ ಓವನ್ ಯಾಕ್ ಬೇಕ್ರಿ, ಸಿಪ್ಪಿ ಕೆರದು ತೆಳ್ಳಗ ಹೆಚ್ಚಿ ಮಾಳಿಗಿ ಮ್ಯಾಲೆ ಹಳೇ ಧೋತ್ರ ಹಾಸಿ ಹರವಿದ್ರ ಜಲ್ದಿ ಒಣಗ್ತದ, ಇಡೀ ಗಡ್ಡಿ ಇಟ್ರ ವಾರದ ಮ್ಯಾಲೇ ಬೇಕು, ಸಿಪ್ಪಿ ಇದ್ರಂತೂ ಒಳಗಿನ ನೀರು ಸುಲಭಕ್ಕ ಹೊರಗ ಬರಂಗಿಲ್ಲ, ಸಂಜಿಗೆ ಮರೀದೆ ಒಳಗ ತರ್ರಿ. ಓವನ್ 60 ಡಿಗ್ರಿ ದಾಟಿದ್ರ ಎಣ್ಣಿ ಅಂಶ ಹಾರಿ ಘಮ ಕಮ್ಮಿ ಆಗ್ತದ, ನಮ್ಮದ್ರಾಗ ಅದಕ್ಕಿಂತ ಕೆಳಗ ಸೆಟ್ಟಿಂಗೇ ಇಲ್ಲ. ನೆರಳಿಂದು ಘಮ ಚೊಲೋ ಖರೆ, ಮಳಿಗಾಲದಾಗ ಮಾತ್ರ ಬೂಸ್ಲು ಹಿಡೀತದ. ಕಿಲೋ ಹಸೀದಕ್ಕ ಪಾವ್ ಕಿಲೋ ಬರೋದೂ ಕಷ್ಟ, ಅವ್ವ ಇಷ್ಟೇನಾ ಅಂದ್ಲು. ಪಟ್ಟಂತ ಮುರಿದ್ರ ಒಣಗ್ಯದ ಅಂತ ಲೆಕ್ಕ, ಬಗ್ಗಿದ್ರ ಡಬ್ಬಿಗೆ ತುಂಬಬ್ಯಾಡ್ರಿ.